ಬೆಟ್ಟಕ್ಕೆ ಹಾಡಿದ ಬಾಲಕ: ಜಪಾನೀ ಚಿತ್ರಕಥೆಯೊಂದರ ಗಾಯಕನ ಪಾತ್ರವಿಚಾರ

ಕಳೆದ ವರ್ಷ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಗಣಿತದ ನೋಟುಪುಸ್ತಕವನ್ನು ತಿದ್ದುತ್ತಿದ್ದಾಗ, ಕೊನೆಯ ಹಾಳೆಗಳಲ್ಲಿ ಒಂದೇ ಮುಖವನ್ನು ಇಪ್ಪತ್ತು ಬಾರಿಯಾದರೂ ಬರೆದಿದ್ದುದು ಕಣ್ಣಿಗೆ ಬಿದ್ದಿತು. ನಿಮಿರಿ ನಿಂತ ಕೂದಲು, ದುಂಡು ಕನ್ನಡಕ, ಗಂಟಿಕ್ಕಿದ ಹುಬ್ಬು, ಹೆಗಲಿನಲ್ಲಿ ಗಿಟಾರು. ಪಾಲಕರ ಸಭೆಯ ದಿನ ಆ ಹುಡುಗನ ತಂದೆಯವರೂ ಅದೇ ವಿಷಯವನ್ನು ಎತ್ತಿದರು. “ಗುರುಗಳೇ, ಇವ ಯಾರ್ರೀ? ನಮ್ಮ ಹುಡುಗನೂ ಇವನಂಗ ಮಾತು ಬಿಟ್ಟು ಮೂಲ್ಯಾಗ ಕೂಡಾಕ ಹತ್ಯಾನ” ಎಂದು ಕೇಳಿದರು. ಆಗ ನಾನು ಉತ್ತರ ಹೇಳಲಾರದೆ ಹೋದೆನು, ಏಕೆಂದರೆ ನನಗೂ ಆತನ ಪರಿಚಯವಿರಲಿಲ್ಲ. ಮುಂದೆ ಆ ಹುಡುಗನನ್ನೇ ಗುರುವಾಗಿ ಮಾಡಿಕೊಂಡು ಆ ಕಥೆಯನ್ನು ಮೊದಲಿನಿಂದ ನೋಡಿದೆನು. ನೋಡಿ ತಿಳಿದುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಒಟ್ಟಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಜಪಾನೀಯರು ಚಲಿಸುವ ರೇಖಾಚಿತ್ರಗಳ ಕಥೆಯನ್ನು ‘ಅನಿಮೆ’ ಎಂದು ಕರೆಯುವರು. ಇಂತಹ ಚಿತ್ರಗಳು ಚಿಕ್ಕಮಕ್ಕಳ ವಿನೋದಕ್ಕಷ್ಟೇ ಎಂದು ನಮ್ಮಲ್ಲಿ ಬಗೆಯುವವರು ಅನೇಕರು. ಜಪಾನಿನಲ್ಲಿ ಕಾದಂಬರಿಗೆ, ನಾಟಕಕ್ಕೆ ಸಲ್ಲುವ ವಿಷಯವೆಲ್ಲವೂ ಅನಿಮೆಗೂ ಸಲ್ಲುವುದು. ಇದರಲ್ಲಿ ಒಂದು ದೊಡ್ಡ ಶಾಖೆ ‘ಐಡಲ್’ ಎಂಬ ಗಾಯಕ ಗಾಯಕಿಯರ ಕಥೆಗಳದು. ನಮ್ಮ ಹುಡುಗ ಬರೆದ ಮುಖವು ಈ ಶಾಖೆಯೊಳಗೇ ಹುಟ್ಟಿ, ಅದರ ವಿರುದ್ಧ ಬೆಳೆದ ಒಬ್ಬ ರಾಕ್ ಗಾಯಕನದು. ಆದುದರಿಂದ ಮೊದಲು ಐಡಲ್ ಎಂದರೇನೆಂಬುದನ್ನು ತಿಳಿಯಬೇಕು.

ಐಡಲ್ ಎಂಬ ಇಂಗ್ಲಿಷ್ ಪದಕ್ಕೆ ವಿಗ್ರಹವೆಂದೇ ಅರ್ಥ. 1963ರ ಒಂದು ಫ್ರೆಂಚ್ ಚಲನಚಿತ್ರವು ಮರುವರ್ಷ ಜಪಾನಿನಲ್ಲಿ ‘ಐಡಲನ್ನು ಹುಡುಕಿರಿ’ ಎಂಬ ಅರ್ಥದ ಹೆಸರಿನಿಂದ ತೆರೆ ಕಂಡಮೇಲೆ ಈ ಪದವು ಅಲ್ಲಿ ಮನೆಮಾತಾಯಿತೆಂದು ಹೇಳುವರು. 1971ರಲ್ಲಿ ನಿಪ್ಪಾನ್ ಟೆಲಿವಿಷನ್ನಿನವರು ‘ಸ್ಟಾರ್ ತಂಜೋ’ ಎಂಬ ಸ್ಪರ್ಧೆಯನ್ನು ಆರಂಭಿಸಿದರು. ‘ತಾರೆಯ ಜನನ’ ಎಂದು ಇದರ ಅರ್ಥ. ಶಾಲೆಯಲ್ಲಿ ಓದುವ ಬಾಲಕ ಬಾಲಕಿಯರು ಬಂದು ಹಾಡುವರು. ಸಂಗೀತ ವ್ಯಾಪಾರದ ಪ್ರತಿನಿಧಿಗಳು ಎದುರಿಗೆ ಕುಳಿತು, ಬೇಕಾದವರನ್ನು ಆರಿಸಿಕೊಳ್ಳುವರು. ಆಯ್ಕೆಯಾದ ಮಗುವಿನ ಉಡುಪು, ಕೇಶಾಲಂಕಾರ, ನಗು, ಹಾಡು, ಸಂದರ್ಶನದಲ್ಲಿ ಆಡುವ ಮಾತು ಎಲ್ಲವನ್ನೂ ಬೇರೆಯವರೇ ಗೊತ್ತುಮಾಡುವರು.

ನಮ್ಮ ದೇವಸ್ಥಾನಗಳ ವ್ಯವಸ್ಥೆಯನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಗರ್ಭಗುಡಿಯಲ್ಲಿರುವುದು ಮೂಲವಿಗ್ರಹ; ಪಲ್ಲಕ್ಕಿಯಲ್ಲಿ ಹೊರಗೆ ಬರುವುದು ಉತ್ಸವಮೂರ್ತಿ. ಐಡಲ್ ಎಂಬುದು ಉತ್ಸವಮೂರ್ತಿ. ಅದನ್ನು ಅಲಂಕರಿಸುವವರು ಬೇರೆ, ಹೊರುವವರು ಬೇರೆ. ಇಳಿಸಿದಲ್ಲಿ ನಿಲ್ಲುವುದು, ಎತ್ತಿದಾಗ ಸಾಗುವುದು. ಎಲ್ಲರ ಕಣ್ಣೂ ಅದರ ಮೇಲೆಯೇ ಇರುವುದಾದರೂ ತಾನಾಗಿ ಒಂದು ಹೆಜ್ಜೆಯನ್ನು ಇಡುವ ಸ್ವಾತಂತ್ರ್ಯ ಅದಕ್ಕಿಲ್ಲ. ಹೋಲಿಕೆಯು ಇಲ್ಲಿಗೇ ನಿಲ್ಲಬೇಕು. ಉತ್ಸವಮೂರ್ತಿಗೆ ಬಳಲಿಕೆಯಿಲ್ಲ, ಹದಿನಾಲ್ಕು ವರ್ಷದ ಹುಡುಗಿಗೆ ಬಳಲಿಕೆಯುಂಟು.

ಆ ಸ್ಪರ್ಧೆಯಿಂದ ಬಂದವರಲ್ಲಿ ಯಾಮಾಗುಚಿ ಮೊಮೊಎ ಎಂಬಾಕೆಯು ಪ್ರಸಿದ್ಧಳು. 1973ರಲ್ಲಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದು, ಏಳು ವರ್ಷಗಳಲ್ಲಿ ಜಪಾನಿನ ಮನೆಮನೆಯನ್ನೂ ತಲಪಿದಳು. 1980ರ ಅಕ್ಟೋಬರ್ 5ರಂದು ಟೋಕಿಯೋ ನಗರದ ಬುದೋಕನ್ ಸಭಾಂಗಣದಲ್ಲಿ ಕೊನೆಯ ಹಾಡನ್ನು ಹಾಡಿ, ಕೈಯಲ್ಲಿದ್ದ ಬಿಳಿಯ ಮೈಕನ್ನು ವೇದಿಕೆಯ ಮೇಲಿರಿಸಿ ಹೊರಟುಹೋದಳು. ಆಗ ಆಕೆಗೆ ಇಪ್ಪತ್ತೊಂದು ವರ್ಷ. ವಿವಾಹವಾಗಿ ಗೃಹಸ್ಥಾಶ್ರಮವನ್ನು ಸೇರಿದ ಆಕೆಯು ಮರಳಿ ವೇದಿಕೆಯನ್ನು ಏರಲಿಲ್ಲ. ಆಕೆ ಕೆಳಗಿಟ್ಟುದು ಒಂದು ಮೈಕು ಮಾತ್ರವಲ್ಲವೆಂದು ಜಪಾನೀಯರು ಅಂದೇ ಅರಿತರು.

ಇನ್ನು ರಾಕ್ ಸಂಗೀತ. ವಿದ್ಯುತ್ ಗಿಟಾರು, ತಮಟೆಯಂತೆ ಎದೆಗೆ ಬಡಿಯುವ ಡ್ರಮ್ಮು, ಎತ್ತರದ ಕಂಠ, ಇವು ಅದರ ಲಕ್ಷಣ. ಇಲ್ಲಿ ಪಾಲಕರಿಗೆ ಸಮಾಧಾನ ತರುವ ಒಂದು ಸಂಗತಿಯನ್ನು ಹೇಳುವೆನು. ವಿದ್ಯುತ್ ಗಿಟಾರಿನ ಗೀಳು ಜಪಾನಿನ ಹುಡುಗರನ್ನು ಹಿಡಿದಾಗ ಅಲ್ಲಿಯ ಹಿರಿಯರೂ ನಮ್ಮಂತೆಯೇ ಕಳವಳಗೊಂಡರು. 1965ರಲ್ಲಿ ತೊಚಿಗಿ ಪ್ರಾಂತದ ಆಶಿಕಾಗ ನಗರದ ಶಿಕ್ಷಣ ಮಂಡಳಿಯು ವಿದ್ಯಾರ್ಥಿಗಳು ಆ ವಾದ್ಯವನ್ನು ಮುಟ್ಟಕೂಡದೆಂದು ನಿಷೇಧಿಸಿತು. ಮರುವರ್ಷ ಇಂಗ್ಲೆಂಡಿನ ಬೀಟಲ್ಸ್ ತಂಡವು ಬುದೋಕನ್ನಿನಲ್ಲಿ ಹಾಡಬಂದಾಗ, ಜೂಡೋ ಮುಂತಾದ ಕ್ಷಾತ್ರವಿದ್ಯೆಗಳಿಗೆಂದು ಕಟ್ಟಿದ ಸ್ಥಳದಲ್ಲಿ ಇವರ ಕೂಗಾಟವೇ ಎಂದು ಪ್ರತಿಭಟಿಸಿದವರಿದ್ದರು. ಹದಿನಾಲ್ಕು ವರ್ಷಗಳ ಅನಂತರ ಮೊಮೊಎ ತನ್ನ ಮೈಕನ್ನು ಇಟ್ಟುಹೋದುದು ಇದೇ ಬುದೋಕನ್ನಿನಲ್ಲಿ.

ಹೀಗೆ ಜಪಾನಿನ ಕಿರಿಯರ ಮುಂದೆ ಎರಡು ಬಗೆಯ ಗಾಯಕರಿದ್ದರು. ಎಲ್ಲರೂ ಮೆಚ್ಚಲೆಂದು ಅಲಂಕೃತನಾದವನು ಒಬ್ಬ. ಮೆಚ್ಚುವಿರೋ ಬಿಡುವಿರೋ ಎಂದು ಮುಖ ತಿರುಗಿಸಿ ನಿಂತವನು ಇನ್ನೊಬ್ಬ. ಇವರಿಬ್ಬರನ್ನೂ ಒಂದೇ ಕಥಾಸರಣಿಯಲ್ಲಿ ತಂದು ನಿಲ್ಲಿಸಿದ ಕೀರ್ತಿ ‘ಮ್ಯಾಕ್ರಾಸ್’ ಎಂಬ ಅನಿಮೆಗೆ ಸಲ್ಲುವುದು.

ಮ್ಯಾಕ್ರಾಸ್ 1982ರ ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ಆರಂಭವಾಗಿ ಮರುವರ್ಷದ ಜೂನಿನವರೆಗೆ 36 ಕಂತುಗಳಲ್ಲಿ ಪ್ರಸಾರವಾಯಿತು. ಕಥೆಯಲ್ಲಿ ಜೆಂಟ್ರಾಡಿ ಎಂಬ ದೈತ್ಯರು ಭೂಮಿಯ ಮೇಲೆ ಎರಗುವರು. ಯುದ್ಧಕ್ಕಾಗಿಯೇ ನಿರ್ಮಿತರಾದ ಅವರಿಗೆ ಹಾಡು, ಕುಣಿತ, ಪ್ರೀತಿ ಯಾವುದೂ ತಿಳಿಯದು. ಭೂಮಿಯವರ ಹಡಗಿನಲ್ಲಿ ಲಿನ್ ಮಿನ್‌ಮೇ ಎಂಬ ಹುಡುಗಿಯಿರುವಳು. ಆಕೆಯ ಚಿಕ್ಕಪ್ಪ ಚಿಕ್ಕಮ್ಮಂದಿರು ಒಂದು ಚೀನೀ ಊಟದ ಹೋಟೆಲನ್ನು ನಡೆಸುವರು. ಸೌಂದರ್ಯಸ್ಪರ್ಧೆಯೊಂದರಲ್ಲಿ ಗೆದ್ದು ಆಕೆ ಐಡಲ್ ಗಾಯಕಿಯಾಗುವಳು. ಆಕೆಯ ಹಾಡನ್ನು ಕೇಳಿದ ದೈತ್ಯರು ದಿಗ್ಭ್ರಮೆಗೊಂಡು ಆಯುಧವನ್ನು ಮರೆಯುವರು. ಕೆಲವರು ಆಕೆಯ ಗೊಂಬೆಯನ್ನು ಬಚ್ಚಿಟ್ಟುಕೊಂಡು, ಸೈನ್ಯವನ್ನು ತ್ಯಜಿಸಿ ಭೂಮಿಯವರಲ್ಲಿಗೆ ಓಡಿಬರುವರು.

ಇಲ್ಲಿಯವರೆಗೆ ಇದು ಮಧುರವಾದ ಕಲ್ಪನೆ. ಆದರೆ ವಿದ್ಯಾರ್ಥಿಗಳು ಮುಂದಿನ ಘಟನೆಯನ್ನು ಸೂಕ್ಷ್ಮವಾಗಿ ಗಮನಿಸತಕ್ಕದ್ದು. ಮಹಾಯುದ್ಧದ ದಿನ ಸೇನಾಪತಿಗಳು ಮಿನ್‌ಮೇಯಿಂದ ಹಾಡಿಸುವರು; ಹಾಡಿಗೆ ಶತ್ರುವು ತಬ್ಬಿಬ್ಬಾದ ಕ್ಷಣದಲ್ಲಿ ಗುಂಡು ಹಾರಿಸುವರು. ಬೇಟೆಗಾರನು ಕೊಳಲೂದಿ ಜಿಂಕೆಯನ್ನು ನಿಲ್ಲಿಸಿದಂತೆ ಇದು. ಯುದ್ಧ ಮುಗಿದ ಮೇಲಿನ ಕಂತುಗಳಲ್ಲಿ ಅದೇ ಮಿನ್‌ಮೇ ಪಾಳುಬಿದ್ದ ಊರುಗಳಲ್ಲಿ, ವಿರಳ ಸಭೆಗಳಲ್ಲಿ, ಮನಸ್ಸಿಲ್ಲದ ಮನಸ್ಸಿನಿಂದ ಹಾಡುವುದನ್ನು ಕಾಣುವೆವು. ವಿಜಯಕ್ಕೆ ಬೇಕಾಗಿದ್ದುದು ಆಕೆಯ ಕಂಠ. ವಿಜಯಾನಂತರ ಆಕೆ ಏನಾದಳೆಂದು ವಿಚಾರಿಸುವವರಿಲ್ಲ. ಮಕ್ಕಳ ಕಾರ್ಯಕ್ರಮವೆಂದು ನೋಡಲು ಕುಳಿತ ನಾನು ಈ ಭಾಗವನ್ನು ನೋಡಿ ಸುಮ್ಮನಾದೆನು.

ಹನ್ನೆರಡು ವರ್ಷಗಳು ಕಳೆದುವು. ಈ ಕಥಾಲೋಕದ ನಿರ್ಮಾತೃಗಳಲ್ಲಿ ಪ್ರಮುಖರಾದ ಕವಾಮೊರಿ ಶೋಜಿಯವರು 1994ರಲ್ಲಿ ಒಂದೇ ವರ್ಷದೊಳಗೆ ಎರಡು ಮುಂದುವರಿಕೆಗಳಿಗೆ ಕಾರಣರಾದರು. ಮೊದಲನೆಯದು ‘ಮ್ಯಾಕ್ರಾಸ್ ಪ್ಲಸ್’. ಅದರಲ್ಲಿ ಷೆರನ್ ಆಪಲ್ ಎಂಬ ಗಾಯಕಿಯಿರುವಳು; ಆಕೆ ಮನುಷ್ಯಳೇ ಅಲ್ಲ, ಒಂದು ಯಂತ್ರಬುದ್ಧಿ. ಯಂತ್ರಕ್ಕೆ ಭಾವನೆ ಬಾರದುದರಿಂದ ಮ್ಯುಂಗ್ ಎಂಬ ಹೆಂಗಸೊಬ್ಬಳು ತೆರೆಯ ಹಿಂದೆ ಕುಳಿತು ತನ್ನ ಭಾವನೆಗಳನ್ನು ಗುಟ್ಟಾಗಿ ಅದಕ್ಕೆ ಎರೆಯುತ್ತಿರುವಳು. ಕೊನೆಗೆ ಆ ಯಂತ್ರವು ತನ್ನ ಗಾನದಿಂದ ಒಂದು ನಗರವನ್ನೇ ಸಮ್ಮೋಹನಗೊಳಿಸಿ ವಶಪಡಿಸಿಕೊಳ್ಳುವುದು. ಅಲಂಕಾರವೇ ಉಳಿದು ಮನುಷ್ಯನು ಮಾಯವಾದರೆ ಐಡಲ್ ಏನಾದೀತೆಂಬುದಕ್ಕೆ ಇದು ಕವಾಮೊರಿಯವರು ಕೊಟ್ಟ ಒಂದು ಉತ್ತರ. ಯಂತ್ರಗಳು ಹಾಡು ಕಟ್ಟುವ ಇಂದಿನ ದಿನಗಳಲ್ಲಿ ಇದನ್ನು ನೋಡುವವರಿಗೆ ಅದು ಮೂವತ್ತು ವರ್ಷಗಳ ಹಿಂದಿನದೆಂದು ನಂಬುವುದು ಕಷ್ಟ.

ಎರಡನೆಯದು ‘ಮ್ಯಾಕ್ರಾಸ್ 7’. ಇದು 1994ರ ಅಕ್ಟೋಬರಿನಿಂದ 1995ರ ಸೆಪ್ಟೆಂಬರಿನವರೆಗೆ 49 ಕಂತುಗಳಲ್ಲಿ ಪ್ರಸಾರವಾಯಿತು. ನಿರ್ದೇಶಕರು ಅಮಿನೊ ತೆತ್ಸುರೊ. ನಮ್ಮ ಹುಡುಗನ ನೋಟುಪುಸ್ತಕದ ಮುಖವು ಈ ಕಥೆಯ ನಾಯಕನದು. ಆತನ ಹೆಸರು ನೆಕ್ಕಿ ಬಸರಾ.

ಈ ಹೆಸರನ್ನು ಕೇಳಿ ನಮ್ಮ ತರಗತಿಯೆಲ್ಲ ನಕ್ಕಿತು. ಕನ್ನಡದ ಕಿವಿಗೆ ಅದು ಸಹಜವೇ. ಆದರೆ ಜಪಾನೀ ಭಾಷೆಯಲ್ಲಿ ನೆಕ್ಕಿ ಎಂದರೆ ಕಾವು, ಉತ್ಸಾಹದ ಬಿಸಿ. ಬಸರಾ ಎಂಬ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ಅದು ನಮ್ಮ ‘ವಜ್ರ’ ಶಬ್ದವೇ. ಬೌದ್ಧಧರ್ಮದೊಡನೆ ಸಂಸ್ಕೃತದಿಂದ ಚೀನಾಕ್ಕೆ, ಚೀನಾದಿಂದ ಜಪಾನಿಗೆ ಹೋಗಿ ಅಲ್ಲಿಯ ನಾಲಗೆಯಲ್ಲಿ ‘ಬಸರಾ’ ಎಂದಾಯಿತು. ಹದಿನಾಲ್ಕನೆಯ ಶತಮಾನದಲ್ಲಿ, ಅಧಿಕಾರವನ್ನು ಲೆಕ್ಕಿಸದೆ ಬೆಡಗಿನ ಉಡುಪನ್ನು ತೊಟ್ಟು ಮನಬಂದಂತೆ ನಡೆಯುವ ಸರದಾರರಿಗೆ ಜನರು ಈ ಹೆಸರನ್ನಿಟ್ಟರು. 1336ರ ರಾಜಶಾಸನವೊಂದು ಬಸರಾ ನಡವಳಿಕೆಯನ್ನೇ ನಿಷೇಧಿಸಿತು. ಯಾವುದಕ್ಕೂ ಬಾಗದ ವಜ್ರದ ಕಾಠಿಣ್ಯವು ಯಾರಿಗೂ ಬಾಗದ ಮನುಷ್ಯನಿಗೆ ಹೆಸರಾಯಿತೆಂದು ಊಹಿಸಬಹುದು. ಗಾಯಕನಿಗೆ ಈ ಹೆಸರನ್ನಿಟ್ಟವರು ಇದನ್ನು ತಿಳಿದೇ ಇಟ್ಟರೆಂದು ನನ್ನ ಭಾವನೆ.

ಕಥೆಯ ಕಾಲ ಕ್ರಿ. ಶ. 2045. ಮಾನವರು ಹೊಸ ನೆಲವನ್ನು ಅರಸುತ್ತ ಹಡಗುಗಳ ಸಮೂಹದಲ್ಲಿ ಆಕಾಶವನ್ನು ದಾಟುತ್ತಿರುವರು. ಅವುಗಳಲ್ಲೊಂದು ಇಡೀ ನಗರವನ್ನೇ ಹೊತ್ತ ಹಡಗು. ಆ ನಗರದ ಯಾರಿಗೂ ಬೇಡವಾದ ಪಾಳು ಮೂಲೆಯಲ್ಲಿ, ಬಿರುಕುಬಿಟ್ಟ ಕಟ್ಟಡದ ಮೇಲಂತಸ್ತಿನಲ್ಲಿ ಬಸರಾ ಒಬ್ಬನೇ ವಾಸಿಸುವನು. ಆತನ ತಂಡಕ್ಕೆ ‘ಫೈರ್ ಬಾಂಬರ್’ ಎಂದು ಹೆಸರು. ಹಿಂದೆ ಸೈನ್ಯದಲ್ಲಿ ವಿಮಾನಚಾಲಕನಾಗಿದ್ದ ರೇ ಎಂಬವನು ತಂಡದ ಹಿರಿಯ. ಡ್ರಮ್ಮು ಬಾರಿಸುವ ವೆಫಿಡಾಸ್ ದೈತ್ಯಕುಲದ ಹೆಂಗಸು. ಮಾತಾಡುವುದು ಅಪರೂಪ, ಕೈಗೆ ಸಿಕ್ಕಿದುದನ್ನು ಕೋಲಿನಿಂದ ಬಡಿಯುವುದು ನಿತ್ಯ. ನಾಲ್ಕನೆಯವಳು ಹದಿನಾಲ್ಕು ವರ್ಷದ ಮಿಲೀನ್. ಹಡಗಿನ ಕಪ್ತಾನನ ಮತ್ತು ನಗರಾಧ್ಯಕ್ಷೆಯ ಮಗಳು. ರೂಪವತಿ, ಸುಕಂಠೆ, ಸಮಯಕ್ಕೆ ಸರಿಯಾಗಿ ಅಭ್ಯಾಸಕ್ಕೆ ಬರುವವಳು. ಬೇರೊಂದು ಕಥೆಯಲ್ಲಾಗಿದ್ದರೆ ಐಡಲ್ ಆಗಿಬಿಡುತ್ತಿದ್ದವಳು ಇವಳೇ. ಬಸರಾನ ಮೌನ, ಅಶಿಸ್ತು, ಹೇಳದೆ ಕೇಳದೆ ಕಾಣೆಯಾಗುವ ಸ್ವಭಾವ ಇವುಗಳಿಂದ ಹೆಚ್ಚು ನೊಂದವಳೂ ಇವಳೇ.

ಈ ಹಡಗುಗಳ ಮೇಲೆ ಒಂದು ವಿಚಿತ್ರ ಶತ್ರುವು ಬೀಳುವುದು. ಅವರು ಮನುಷ್ಯರನ್ನು ಕೊಲ್ಲುವುದಿಲ್ಲ. ಅವರೊಳಗಿನ ‘ಸ್ಪಿರಿಷಿಯ’ ಎಂಬ ಚೈತನ್ಯವನ್ನು ಹೀರಿಬಿಡುವರು. ಹೀರಲ್ಪಟ್ಟವನು ಉಸಿರಾಡುತ್ತಿದ್ದರೂ ಯಾವುದರಲ್ಲೂ ಆಸೆಯಿಲ್ಲದ ಬೊಂಬೆಯಾಗುವನು. ಸೈನಿಕರು ಯುದ್ಧವಿಮಾನಗಳನ್ನೇರಿ ಹೊರಡುವರು. ಅವರ ನಡುವೆ ಬಸರಾನೂ ಒಂದು ಕೆಂಪು ವಿಮಾನದಲ್ಲಿ ನುಗ್ಗುವನು. ಆ ವಿಮಾನವನ್ನು ನಡೆಸುವ ಹಿಡಿಯು ಗಿಟಾರಿನ ಆಕಾರದ್ದು. ಅದು ಹಾರಿಸುವುದು ಸಿಡಿಗುಂಡನ್ನಲ್ಲ, ಧ್ವನಿವರ್ಧಕವನ್ನು. ಶತ್ರುವಿನ ವಿಮಾನಕ್ಕೆ ಅದು ನಾಟಿಕೊಂಡಾಗ ಒಳಗಿರುವವನಿಗೆ ಬಸರಾನ ಹಾಡು ಕೇಳತೊಡಗುವುದು. ನನ್ನ ಹಾಡನ್ನು ಕೇಳು ಎಂಬುದಿಷ್ಟೇ ಆತನ ರಣಘೋಷ. ಶತ್ರುಗಳಿಗೂ ಅರ್ಥವಾಗದು, ಸ್ವಪಕ್ಷದವರಿಗೂ ಅರ್ಥವಾಗದು. ಗ್ಯಾಮ್ಲಿನ್ ಎಂಬ ಶಿಸ್ತಿನ ಯುವಸೈನಿಕನು ಆತನನ್ನು ಹುಚ್ಚನೆಂದೂ ದಾರಿಗೆ ಅಡ್ಡ ಬರುವವನೆಂದೂ ಬೈಯುವನು. ಸೈನಿಕನ ಪಕ್ಷದಿಂದ ನೋಡಿದರೆ ಗ್ಯಾಮ್ಲಿನ್ ಹೇಳುವುದು ಸರಿಯೇ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಈ ಮನುಷ್ಯನು ಸದಾ ಚಿಂತಾಮಗ್ನನಾಗಿರುವುದೇಕೆ?

ಒಂದು ಪಾತ್ರವನ್ನು ಅಭ್ಯಸಿಸುವಾಗ ಆತನು ಏನು ಹೇಳುವನೆಂಬುದಕ್ಕಿಂತ ಬೇರೆಯವರು ಆತನಿಂದ ಏನನ್ನು ಬಯಸುವರು, ಆತನು ಯಾವುದನ್ನು ನಿರಾಕರಿಸುವನು ಎಂಬುದನ್ನು ನೋಡುವುದು ಒಳ್ಳೆಯ ಕ್ರಮ. ಕರ್ಣನ ಮನಸ್ಸನ್ನು ನಾವು ಅರಿಯುವುದು ಆತನ ಪ್ರತಿಜ್ಞೆಗಳಿಂದಲ್ಲ. ಕೃಷ್ಣನೂ ಕುಂತಿಯೂ ಬಂದು ಕೇಳಿದಾಗ ಆತನು ಏನನ್ನು ಬೇಡವೆಂದನೋ ಅದರಿಂದ. ಬಸರಾನಲ್ಲಿಯೂ ಹಾಗೆಯೇ ನೋಡಬೇಕು.

ಚಿಬಾ ಎಂಬ ವೈದ್ಯನು ಬಸರಾನ ಹಾಡಿನಲ್ಲಿ ಚೈತನ್ಯವನ್ನು ಎಚ್ಚರಿಸುವ ಶಕ್ತಿಯಿದೆಯೆಂದು ಕಂಡುಹಿಡಿಯುವನು. ಆ ಶಕ್ತಿಯನ್ನು ಅಳೆಯಲು ಉಪಕರಣವನ್ನು ಮಾಡಿ, ಅಳತೆಯ ಮಾನಕ್ಕೆ ತನ್ನ ಹೆಸರನ್ನೇ ಇಡುವನು. ಇಷ್ಟು ದಿನ ಹುಚ್ಚನೆಂದು ಜರೆದ ಸೈನ್ಯವು ಈಗ ಬಸರಾನ ತಂಡವನ್ನೇ ಒಂದು ಪಡೆಯಾಗಿ ಅಂಗೀಕರಿಸುವುದು. ಎಲ್ಲರೂ ಆತನನ್ನು ಹೊಗಳುವರು. ವಿದ್ಯಾರ್ಥಿಗಳೇ, ಯಾರಾದರೂ ಇಂತಹ ಹೊತ್ತಿನಲ್ಲಿ ಹಿಗ್ಗಬೇಕಷ್ಟೆ? ಬಸರಾನು ಹಿಗ್ಗುವುದಿಲ್ಲ. ಹಾಡಿದಾಗ ಮುಳ್ಳು ಎಷ್ಟು ಮನೆ ಏರಿತೆಂದು ಅವರು ನೋಡುವರು. ಹಾಡು ಕೇಳಿತೇ ಎಂದು ಯಾರೂ ಕೇಳರು. ಮೊದಲು ಆತನನ್ನು ತಿರಸ್ಕರಿಸಿದವರೂ ಹಾಡನ್ನು ಕೇಳಿರಲಿಲ್ಲ, ಈಗ ಸನ್ಮಾನಿಸುವವರೂ ಕೇಳುತ್ತಿಲ್ಲ. ಪರೀಕ್ಷೆಯಲ್ಲಿ ಮಗನ ಅಂಕಗಳನ್ನು ಎರಡೆರಡು ಬಾರಿ ಕೂಡಿ ನೋಡಿ, ಆತನು ಬರೆದ ಪ್ರಬಂಧವನ್ನು ಒಮ್ಮೆಯೂ ಓದದ ಪಾಲಕರು, ನನ್ನಂತಹ ಶಿಕ್ಷಕರು ಈ ಭಾಗವನ್ನು ನಿಧಾನವಾಗಿ ನೋಡಬೇಕು.

ಸೈನ್ಯವು ಅಲ್ಲಿಗೂ ನಿಲ್ಲುವುದಿಲ್ಲ. ಹಾಡಿನಿಂದ ಗೆಲ್ಲಬಹುದಾದರೆ ಹಾಡುವವರನ್ನು ನಾವೇ ತಯಾರಿಸೋಣವೆಂದು ಯೋಚಿಸಿ, ಪರೀಕ್ಷೆ ಮಾಡಿ ಆಯ್ದು, ಕವಾಯತು ಕಲಿಸಿ, ‘ಜಾಮಿಂಗ್ ಬರ್ಡ್ಸ್’ ಎಂಬ ತಂಡವನ್ನು ಕಟ್ಟುವುದು. ಅವರ ಹಾಡಿನಲ್ಲಿ ತಪ್ಪಿಲ್ಲ, ಉಡುಪಿನಲ್ಲಿ ಸುಕ್ಕಿಲ್ಲ. ಐಡಲನ್ನು ಮಾಡುವ ಕಾರ್ಖಾನೆಯೇ ರಣರಂಗಕ್ಕೆ ಬಂದಂತೆ. ಶತ್ರುವಿನ ಮುಂದೆ ಅವರ ಹಾಡು ಕೊಂಚವೂ ಫಲಿಸುವುದಿಲ್ಲ. ಕಥೆಗಾರರು ಈ ಪ್ರಸಂಗವನ್ನು ವಿನೋದದ ಧಾಟಿಯಲ್ಲಿಯೇ ಹೇಳಿದ್ದರೂ, 1971ರ ಆ ಸ್ಪರ್ಧೆಯಿಂದ ಆರಂಭವಾದ ಒಂದು ಪದ್ಧತಿಗೆ ಇದಕ್ಕಿಂತ ಹರಿತವಾದ ಟೀಕೆಯನ್ನು ನಾನು ಕಂಡಿಲ್ಲ.

ಬಸರಾನ ಚಿಂತೆಯ ಬೇರು ಇನ್ನೂ ಆಳದಲ್ಲಿದೆ. ಆತನ ಬಾಲ್ಯವನ್ನು ಕುರಿತು ಕಥೆಯು ಹೆಚ್ಚಾಗಿ ಏನನ್ನೂ ಹೇಳುವುದಿಲ್ಲ. ಒಂದು ನೆನಪು ಮಾತ್ರ ಮತ್ತೆ ಮತ್ತೆ ಬರುವುದು. ಚಿಕ್ಕ ಬಾಲಕನೊಬ್ಬನು ಗಿಟಾರು ಹಿಡಿದು ಒಂದು ದೊಡ್ಡ ಬೆಟ್ಟದ ಎದುರು ನಿಂತು ಹಾಡುತ್ತಿರುವನು. ತನ್ನ ಹಾಡಿಗೆ ಬೆಟ್ಟವು ಕದಲಬೇಕೆಂಬುದು ಆತನ ಹಟ. ನಮ್ಮಲ್ಲಿ ಹನುಮಂತನು ಹಾಡಿದಾಗ ಬಂಡೆ ಕರಗಿ, ನಾರದನ ವೀಣೆ ಅದರಲ್ಲಿ ಸಿಕ್ಕಿಕೊಂಡಿತೆಂಬ ಕಥೆಯುಂಟಲ್ಲವೇ? ಅಲ್ಲಿ ಬಂಡೆ ಕರಗಿಯೇ ಕರಗುವುದು, ನಾರದನ ಗರ್ವ ಇಳಿಯುವುದು, ಕಥೆ ಮುಗಿಯುವುದು. ಇಲ್ಲಿ ಬೆಟ್ಟವು ಕದಲದೆ ನಿಂತಿರುವಾಗಲೂ ಬಾಲಕನು ಹಾಡುತ್ತಿರುವನು. ದೊಡ್ಡವನಾದ ಬಸರಾನು ಯಾವ ಶತ್ರುವಿನ ಎದುರು ನಿಂತರೂ ಅದೇ ಬೆಟ್ಟದ ಎದುರು ನಿಂತಿರುವನೆಂದು ನಾನು ಓದಿಕೊಂಡೆನು. ಹಾಡು ತಲಪದ ದಿನ ಆತನು ಶತ್ರುವನ್ನು ನಿಂದಿಸುವುದಿಲ್ಲ. ತನ್ನ ಹಾಡಿನಲ್ಲಿಯೇ ಏನೋ ಕೊರತೆಯಿದೆಯೆಂದು ಕೊರಗುವನು. ಹಲವು ಸಾರಿ ಗಿಟಾರನ್ನು ಹೊತ್ತು ಎಲ್ಲಿಗೋ ಹೊರಟುಬಿಡುವನು. ನೋಡುವವರಿಗೆ ಅದು ದುರಹಂಕಾರದಂತೆ ತೋರುವುದು. ತನ್ನ ಮೇಲೆ ತಾನು ಇಷ್ಟು ನಿಷ್ಠುರನಾದವನನ್ನು ಅಹಂಕಾರಿಯೆನ್ನಲು ನನಗೆ ಮನಸ್ಸು ಬಾರದು.

ಹಾಗೆಂದು ಈ ಪಾತ್ರದಲ್ಲಿ ದೋಷವೇ ಇಲ್ಲವೆಂದು ಹೇಳುವಂತಿಲ್ಲ. ತನ್ನ ಹಾಡು ಲೋಕಕ್ಕೆಲ್ಲ ಕೇಳಬೇಕೆನ್ನುವ ಬಸರಾನು ಪಕ್ಕದಲ್ಲಿರುವ ಮಿಲೀನಳ ಮಾತನ್ನು ಕೇಳನು. ಕಾರ್ಯಕ್ರಮದ ನಡುವೆ ಆತನು ಎದ್ದುಹೋದರೆ ಸಭೆಯನ್ನು ಸಂತೈಸಬೇಕಾದವಳು ಅವಳು. ಕಥೆಯುದ್ದಕ್ಕೂ ಹೆಸರಿಲ್ಲದ ಒಬ್ಬ ಹುಡುಗಿ ಕಾಣಿಸಿಕೊಳ್ಳುವಳು. ಕೈಯಲ್ಲಿ ಒಂದು ಹೂಗೊಂಚಲು. ಅದನ್ನು ಬಸರಾನಿಗೆ ಕೊಡಬೇಕೆಂಬುದು ಅವಳ ಆಸೆ. ಕಂತು ಕಂತಿಗೂ ಅವಳು ಬರುವಳು, ಆತನು ಆಗಲೇ ಅತ್ತ ಹೊರಟಿರುವನು, ಜನಸಂದಣಿ ಅವಳನ್ನು ತಳ್ಳುವುದು, ಹೂವು ಕೈಯಲ್ಲೇ ಉಳಿಯುವುದು. ಇದನ್ನು ನಗೆಗಾಗಿ ಸೇರಿಸಿರುವರು. ಆದರೆ ಹತ್ತು ಹದಿನೈದು ಸಾರಿ ನೋಡಿದ ಮೇಲೆ ನಗು ಬರುವುದಿಲ್ಲ. ಐಡಲ್ ಆಗಿದ್ದರೆ ಆ ಹೂವನ್ನು ನಗುತ್ತ ತೆಗೆದುಕೊಂಡು, ಹಿಂದೆ ನಿಂತ ಸಹಾಯಕನ ಕೈಗಿತ್ತು, ಮುಂದಿನವರತ್ತ ತಿರುಗುತ್ತಿದ್ದನು. ಬಸರಾನು ಹಾಗೆ ಸುಳ್ಳು ನಗೆಯನ್ನು ನಗುವುದಿಲ್ಲ. ಅವಳನ್ನು ಕಾಣುವುದೂ ಇಲ್ಲ. ಯಾವುದು ಮೇಲೆಂದು ನಾನು ತರಗತಿಯಲ್ಲಿ ಕೇಳಿದಾಗ ಹುಡುಗರು ಒಂದು ಪಕ್ಷ, ಹುಡುಗಿಯರು ಇನ್ನೊಂದು ಪಕ್ಷವಾಗಿ ಗಂಟೆ ಬಾರಿಸುವವರೆಗೂ ವಾದಿಸಿದರು.

ಕಲೆಯ ದೃಷ್ಟಿಯಿಂದಲೂ ಒಂದೆರಡು ಮಾತು. 49 ಕಂತುಗಳು ಹೆಚ್ಚಾದುವು. ಅವವೇ ಯುದ್ಧದ ಚಿತ್ರಗಳನ್ನೂ ಅವವೇ ಹಾಡುಗಳನ್ನೂ ತಿರುತಿರುಗಿ ಬಳಸಿರುವುದರಿಂದ ಬೇಸರ ಬರುವುದುಂಟು. ಬಸರಾನಿಗೆ ಎರಡು ಕಂಠಗಳು: ನಮ್ಮ ಹಿನ್ನೆಲೆ ಗಾಯನದ ಪದ್ಧತಿಯಂತೆ, ಮಾತಾಡಿದವರು ಹಯಾಷಿ ನೊಬುತೋಷಿ, ಹಾಡಿದವರು ಫುಕುಯಾಮಾ ಯೋಷಿಕಿ. ಫುಕುಯಾಮಾ ಅವರದು ನಿಜವಾದ ರಾಕ್ ಕಂಠ. ಹಾಡನ್ನು ಸರಕಾಗಿಸಲು ಒಪ್ಪದ ಈ ಬಸರಾನ ಹಾಡುಗಳೇ 1995ರಲ್ಲಿ ಧ್ವನಿಮುದ್ರಿಕೆಯಾಗಿ ಅಂಗಡಿಗೆ ಬಂದುವು, ಅದೂ ಇಲ್ಲದ ತಂಡವಾದ ಫೈರ್ ಬಾಂಬರಿನ ಹೆಸರಿನಲ್ಲಿಯೇ. ಇದರ ವಿನೋದವನ್ನು ಕಥೆಗಾರರು ಅರಿಯದೆ ಇರಲಾರರು.

ಬಸರಾನ ಹಾಡು ಕೊನೆಗೂ ಎಲ್ಲಿ ತಲಪಿತು? ಮೊದಲು ತಲಪಿದುದು ಶತ್ರುಪಕ್ಷದ ಸಿವಿಲ್ ಎಂಬಾಕೆಗೆ. ಆ ಹಾಡು ಅವಳೊಳಗೆ ಹಿಂದೆಂದೂ ಇರದ ಏನನ್ನೋ ಹೊತ್ತಿಸುವುದು. ಅವಳು ಹೆದರಿ ಓಡುವಳು, ಮತ್ತೆ ಹುಡುಕಿಕೊಂಡು ಬರುವಳು. ಅವಳಲ್ಲಿ ಪ್ರೀತಿಯಿಟ್ಟ ಗಿಗಿಲ್ ಎಂಬ ಶತ್ರುನಾಯಕನೊಬ್ಬನಿರುವನು. ಒರಟ, ಕೋಪಿಷ್ಠ, ಸಂಗೀತದ ಗಂಧವಿಲ್ಲದವನು. ‘ಗಿಗಿಲ್ ಹಾಡಿದ ರಾತ್ರಿ’ ಎಂದೇ ಒಂದು ಕಂತಿಗೆ ಹೆಸರು. ಸಿವಿಲಳಿಗಾಗಿ ಆತನು ತನ್ನ ಒಡಕು ಧ್ವನಿಯಲ್ಲಿ ಬಸರಾನ ಹಾಡನ್ನು ತಾನೇ ಹಾಡತೊಡಗುವನು. ಶ್ರುತಿಯಿಲ್ಲ, ತಾಳವಿಲ್ಲ. ಜಾಮಿಂಗ್ ಬರ್ಡ್ಸ್ ತಂಡದವರ ಲೋಪವಿಲ್ಲದ ಹಾಡನ್ನು ಕೇಳಿ, ಬಳಿಕ ಇದನ್ನು ಕೇಳಿದವರಿಗೆ ಕಥೆಗಾರರ ಅಭಿಪ್ರಾಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಯುದ್ಧದ ಅಂತ್ಯವೂ ವಿಲಕ್ಷಣವಾಗಿದೆ. ಶತ್ರುಗಳ ಒಡೆಯನಾದ ಗೆಪೆಲ್‌ನಿಚ್ ಹಸಿವನ್ನು ತಡೆಯಲಾರದೆ ಎಲ್ಲರ ಚೈತನ್ಯವನ್ನೂ ಹೀರಹತ್ತುವನು. ಜೀವಚ್ಛವದಂತೆ ಬಿದ್ದಿದ್ದ ಬಸರಾನು ಎದ್ದುಬಂದು ಆತನೆದುರು ಹಾಡುವನು. ಆಗ ಗೆಪೆಲ್‌ನಿಚ್ ನಾಶವಾಗುವುದಿಲ್ಲ; ಆತನೂ ಹಾಡಲಾರಂಭಿಸುವನು. ಹಾಡುತ್ತಿದ್ದಂತೆ ತಾನು ಇಷ್ಟು ಕಾಲ ಪರರಿಂದ ಕಸಿಯುತ್ತಿದ್ದ ಚೈತನ್ಯವು ತನ್ನೊಳಗೇ ಉಕ್ಕುವುದನ್ನು ಕಂಡು ಬೆರಗಾಗುವನು. ಮಿನ್‌ಮೇಯ ಹಾಡಿನಿಂದ ಶತ್ರುವನ್ನು ತಬ್ಬಿಬ್ಬುಗೊಳಿಸಿ ಗುಂಡಿಕ್ಕಿದ ಆ ಹಳೆಯ ಯುದ್ಧಕ್ಕೆ ಹನ್ನೆರಡು ವರ್ಷಗಳ ಮೇಲೆ ಅದೇ ಕಥಾಲೋಕವು ಬರೆದ ತಿದ್ದುಪಡಿ ಇದು.

ಬಸರಾನು ಆಮೇಲೆ ವೀರನೆಂದು ಮೆರೆದನೇ? 1997ರಲ್ಲಿ ಆರಂಭವಾದ ‘ಮ್ಯಾಕ್ರಾಸ್ ಡೈನಮೈಟ್ 7’ ಎಂಬ ನಾಲ್ಕು ಕಂತುಗಳ ಉತ್ತರಕಥೆಯಲ್ಲಿ ಆತನು ತಂಡವನ್ನೂ ಊರನ್ನೂ ಬಿಟ್ಟು ದೂರದ ಒಂದು ಗ್ರಹಕ್ಕೆ ಹೋಗಿರುವನು. ಆ ಗ್ರಹದ ಆಕಾಶದಲ್ಲಿ ಕಾಲಕಾಲಕ್ಕೆ ಮಹಾತಿಮಿಂಗಿಲಗಳ ಹಿಂಡು ಹಾದುಹೋಗುವುದು. ಅವುಗಳನ್ನು ಕದ್ದು ಬೇಟೆಯಾಡುವವರ ಗುಂಪೂ ಅಲ್ಲಿರುವುದು. ಎಲ್ಮಾ ಎಂಬ ಹುಡುಗಿಯ ಮನೆಯಲ್ಲಿ ಆತನು ಉಳಿಯುವನು. ಅವಳ ತಂದೆ ಗ್ರಹಾಮನು ಒಂದು ಬಿಳಿಯ ತಿಮಿಂಗಿಲದ ಮೇಲಿನ ಹಗೆಯನ್ನು ಎದೆಯಲ್ಲಿಟ್ಟುಕೊಂಡು ಮನೆ ಮಕ್ಕಳನ್ನು ಮರೆತು ಅಲೆಯುತ್ತಿರುವನು. ಬಸರಾನಿಗೆ ಬೇಟೆಯೂ ಬೇಡ, ಹಗೆಯೂ ಬೇಡ. ಮನುಷ್ಯರ ಭಾಷೆಯನ್ನೇ ಅರಿಯದ ಆ ಪ್ರಾಣಿಗಳಿಗೆ ತನ್ನ ಹಾಡು ಕೇಳೀತೇ ಎಂಬುದೊಂದೇ ಕುತೂಹಲ.

ಇದನ್ನೆಲ್ಲ ನಾನು ಆ ಹುಡುಗನ ತಂದೆಯವರಿಗೆ ಸಂಕ್ಷೇಪವಾಗಿ ಹೇಳಿದೆನು. ಅವರು ಬಹಳ ಹೊತ್ತು ಏನನ್ನೂ ಆಡಲಿಲ್ಲ. ಎದ್ದು ಹೋಗುವಾಗ, “ಗುರುಗಳೇ, ಹಾಡು ಬರೀತಾನ ಏನ್ರೀ ನಮ್ಮ ಹುಡುಗ?” ಎಂದರು. ನನಗೆ ತಿಳಿಯದು, ಅವನನ್ನೇ ಕೇಳಿರಿ ಎಂದೆನು.